ಸ್ಪ್ಲೆಂಡರ್ ಮುಂದಿನ ಚಕ್ರ ಮನೆಯಲ್ಲೇ ಬಿಚ್ಚಿ ಕೂರಿಸುವುದು: ಎಲ್ಲಿ ಎಚ್ಚರ ಬೇಕು?

ಪ್ರಶ್ನೆ

ಸ್ಪ್ಲೆಂಡರ್ ಪ್ಲಸ್, ಮುಂದೆ ಡ್ರಮ್ ಬ್ರೇಕ್, 18 ಇಂಚಿನ ಚಕ್ರ. ಟೈರ್ ಸವೆದಿದೆ. ಚಕ್ರ ಮಾತ್ರ ಬಿಚ್ಚಿ ಟೈರ್ ಅಂಗಡಿಗೆ ಕೊಟ್ಟು, ವಾಪಸ್ ತಂದು ನಾನೇ ಕೂರಿಸಬೇಕೆಂದಿದ್ದೇನೆ. ಸ್ಪ್ಯಾನರ್ ಸೆಟ್ ಇದೆ, ಟಾರ್ಕ್ ರೆಂಚ್ (ಬಿಗಿಯ ಬಲ ಅಳೆಯುವ ಸ್ಪ್ಯಾನರ್) ಇಲ್ಲ. ಬಿಚ್ಚುವುದು ಸುಲಭವೆಂದು ಕಾಣುತ್ತದೆ, ಕೂರಿಸುವಾಗ ಏನು ತಪ್ಪಬಹುದು? ಸ್ಪೀಡೋಮೀಟರ್ ಕೇಬಲ್ ಚಕ್ರದ ಪ್ಯಾನಲ್‌ಗೇ (ಡ್ರಮ್ ಮುಚ್ಚುವ, ಬ್ರೇಕ್ ಶೂಗಳನ್ನು ಹೊತ್ತ ತಟ್ಟೆ) ಬರುತ್ತದೆ.

ಉತ್ತರ 1

ಡಬಲ್ ಸ್ಟ್ಯಾಂಡ್ ಹಾಕಿ, ಆದರೆ ಮುಂದಿನ ಚಕ್ರ ನೆಲದ ಮೇಲೇ ಇರಲಿ. ಆಕ್ಸಲ್ (ಚಕ್ರದ ನಡುವೆ ಹಾಯುವ ಅಚ್ಚು) ನಟ್ಟನ್ನು ಈಗಲೇ ಅರ್ಧ ಸುತ್ತು ಸಡಿಲಿಸಿ. ಚಕ್ರ ಗಾಳಿಯಲ್ಲಿರುವಾಗ ಬಿಗಿ ನಟ್ ಮೇಲೆ ಬಲ ಹಾಕಿದರೆ ಗಾಡಿ ಸ್ಟ್ಯಾಂಡಿನಿಂದ ಜಾರುತ್ತದೆ. ಆಮೇಲೆ ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂಭಾಗ ಎತ್ತಿ. ಭಾರ ಸೈಲೆನ್ಸರ್ ಪೈಪಿನ ಮೇಲೆ ಬೀಳಬಾರದು.

ಬ್ರೇಕ್ ಕೇಬಲ್ಲಿನ ಅಡ್ಜಸ್ಟರ್ ನಟ್ ಪೂರ್ತಿ ಬಿಚ್ಚಿ ಕೇಬಲ್ ಹೊರಗೆ ತೆಗೆಯಿರಿ. ಸ್ಪ್ರಿಂಗ್, ಪಿನ್, ನಟ್ ಮೂರನ್ನೂ ಅದೇ ಕ್ರಮದಲ್ಲಿ ಕೇಬಲ್ಲಿಗೇ ತಿರುಗಿ ಹಾಕಿಡಿ, ಕಳೆಯುವುದಿಲ್ಲ. ಸ್ಪೀಡೋ ಕೇಬಲ್ಲಿನ ಸ್ಕ್ರೂ ತೆಗೆದು ಕೇಬಲ್ ಎಳೆಯಿರಿ. ಈಗ ನಟ್ ಪೂರ್ತಿ ತೆಗೆದು, ಒಂದು ಕೈಯಲ್ಲಿ ಚಕ್ರದ ಭಾರ ಹಿಡಿದು ಆಕ್ಸಲ್ ಎಳೆಯಿರಿ. ಪ್ಯಾನಲ್ ಇಲ್ಲದ ಬದಿಯಲ್ಲಿ ಒಂದು ಬುಷ್ (ಆಕ್ಸಲ್ ಮೇಲೆ ಕೂರುವ ಗಿಡ್ಡ ಕೊಳವೆ) ಬೀಳುತ್ತದೆ. ಅದರ ಯಾವ ತುದಿ ಒಳಗಿತ್ತು ಎಂದು ಫೋಟೋ ತೆಗೆದುಕೊಳ್ಳಿ.

ಕೂರಿಸುವಾಗ ಪ್ರಾಣಕ್ಕೆ ಸಂಬಂಧಿಸಿದ ವಿಷಯ ಒಂದೇ: ಪ್ಯಾನಲ್ ಮೇಲಿನ ಕಚ್ಚು ಫೋರ್ಕಿನ ಕಾಲಿನ ಮೇಲಿರುವ ಉಬ್ಬಿನಲ್ಲಿ ಕೂತಿರಲೇಬೇಕು. ಬ್ರೇಕ್ ಹಿಡಿದಾಗ ಪ್ಯಾನಲ್ ಚಕ್ರದ ಜೊತೆ ಸುತ್ತದಂತೆ ತಡೆಯುವುದು ಅದೊಂದೇ. ಕೂರದೆ ಹೋದರೆ ಮೊದಲ ಗಟ್ಟಿ ಬ್ರೇಕಿಗೇ ಪ್ಯಾನಲ್ ತಿರುಗಿ, ಕೇಬಲ್ ಎಳೆದುಕೊಂಡು ಚಕ್ರ ಲಾಕ್ ಆಗುತ್ತದೆ. ಆಕ್ಸಲ್ ಹಾಕಿದ ಮೇಲೆ ಪ್ಯಾನಲ್ಲನ್ನು ಕೈಯಿಂದ ತಿರುಗಿಸಲು ನೋಡಿ, ಸುತ್ತಿದರೆ ಕೂತಿಲ್ಲ.

ಎರಡನೆಯದು ಸ್ಪೀಡೋ. ಪ್ಯಾನಲ್ ಒಳಗಿನ ಡ್ರೈವಿನ ಎರಡು ಕಿವಿಗಳು ಹಬ್‌ನ (ಚಕ್ರದ ನಡುಭಾಗ) ಎರಡು ಸೀಳಿಗೆ ಇಳಿಯಬೇಕು. ಪ್ಯಾನಲ್ಲನ್ನು ಹಗುರವಾಗಿ ತಿರುಗಿಸುತ್ತ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಕೂರದೆ ನಟ್ ಬಿಗಿದರೆ ಕಿವಿ ಬಾಗಿ ಸ್ಪೀಡೋ ಮುಳ್ಳು ನಿಂತುಹೋಗುತ್ತದೆ.

ಆಕ್ಸಲ್‌ಗೆ ತೆಳುವಾಗಿ ಗ್ರೀಸ್ ಸವರಿ, ಸುತ್ತಿಗೆಯಿಲ್ಲದೆ ಕೈಯಿಂದ ತಳ್ಳಿ. ಹೋಗದಿದ್ದರೆ ಚಕ್ರದ ಎತ್ತರ ತಪ್ಪಿದೆ ಎಂದರ್ಥ. ಟೈರಿನಡಿ ಸಣ್ಣ ಹಲಗೆ ಇಟ್ಟು ಕಾಲಿನಿಂದ ಸ್ವಲ್ಪ ಎತ್ತಿ. ನಟ್ ಕೈಬಿಗಿ ಮಾಡಿ ಕೇಬಲ್ ಸಿಕ್ಕಿಸಿ, ಗಾಡಿ ಕೆಳಗಿಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ. ಫೋರ್ಕಿನ ಎರಡು ಕಾಲೂ ತಮ್ಮ ಜಾಗಕ್ಕೆ ಬರುತ್ತವೆ. ಬ್ರೇಕ್ ಹಿಡಿದುಕೊಂಡೇ ನಟ್ ಬಿಗಿಯಿರಿ, ಶೂಗಳು (ಒಳಗಿನಿಂದ ಡ್ರಮ್ಮಿಗೆ ಒತ್ತುವ ಬ್ರೇಕ್ ತುಂಡುಗಳು) ಡ್ರಮ್ಮಿನ ನಡುವೆ ಕೂರುತ್ತವೆ.

ಉತ್ತರ 2

ಬಿಗಿಯ ಲೆಕ್ಕ: ಈ ವರ್ಗದ ಗಾಡಿಗಳ ಮುಂದಿನ ಆಕ್ಸಲ್ ನಟ್‌ಗೆ ಸಾಮಾನ್ಯವಾಗಿ 50ರಿಂದ 60 ನ್ಯೂಟನ್ ಮೀಟರ್. ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ. ಟಾರ್ಕ್ ರೆಂಚ್ ಇಲ್ಲದವರು 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 22 ಕೆ.ಜಿ. ಭಾರ ಎತ್ತುವಷ್ಟು ಬಲ ಹಾಕಿದರೆ 55ರ ಸುತ್ತ ಬರುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವುದು ಬೇಡ, ದಾರ ಹೋಗುತ್ತದೆ. ಪೂರಾ ಬಿಗಿಯುವ ಮೊದಲು ಗಾಡಿ ಮತ್ತೆ ಸ್ಟ್ಯಾಂಡ್ ಮೇಲೇ ಇದೆಯೇ ನೋಡಿ. ಸೆಲ್ಫ್ ಲಾಕ್ ನಟ್ ಆಗಿದ್ದು ಕೈಯಲ್ಲೇ ಸರಾಗ ಸುತ್ತಿದರೆ ಹೊಸದು ಹಾಕಿ, ಸ್ಪ್ಲಿಟ್ ಪಿನ್ ಇದ್ದರೆ ಪ್ರತಿ ಸಲವೂ ಹೊಸದೇ.

ಚಕ್ರ ಕೈಯಲ್ಲಿರುವಾಗಲೇ ಶೂ ನೋಡಿಬಿಡಿ. ಲೈನಿಂಗ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಜೋಡಿಯಾಗಿ ಬದಲಿಸಿ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ರೀಸ್ ಮುಟ್ಟಿದ ಕೈ ಶೂಗೆ ತಾಗಬಾರದು. ಟೈರಿನ ಮೇಲಿನ ಬಾಣ ಮುಂದಕ್ಕೆ ಸುತ್ತುವ ದಿಕ್ಕಿಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಗಾಳಿ ಮುಂದೆ 25 ಪಿ.ಎಸ್.ಐ.

ಪ್ರಶ್ನೆ ಕೇಳಿದವರು

ಕೂರಿಸಿದೆ. ಪ್ಯಾನಲ್ ಸುತ್ತುತ್ತಿಲ್ಲ, ಸ್ಪೀಡೋ ಓಡುತ್ತಿದೆ. ಆದರೆ ನಟ್ ಪೂರಾ ಬಿಗಿದರೆ ಚಕ್ರ ಭಾರವಾಗಿ ಸುತ್ತುತ್ತದೆ, ಕಾಲು ಸುತ್ತು ಸಡಿಲಿಸಿದರೆ ಹಗುರ. ಸಡಿಲಿಸಿಯೇ ಓಡಿಸಬಹುದೇ?

ಉತ್ತರ 1

ಬೇಡ, ಖಂಡಿತ ಬೇಡ. ಆಕ್ಸಲ್ ನಟ್ ಚಕ್ರದ ಹಗುರತನ ಹೊಂದಿಸುವ ಸ್ಕ್ರೂ ಅಲ್ಲ. ಅದನ್ನು ಎಷ್ಟು ಬಿಗಿದರೂ ಬೇರಿಂಗಿಗೆ ಅಡ್ಡ ಒತ್ತಡ ಬೀಳಬಾರದು. ಎರಡು ಬೇರಿಂಗುಗಳ ನಡುವೆ ಹಬ್ ಒಳಗೆ ಒಂದು ಕೊಳವೆ ಇದೆ, ಒತ್ತಡ ಹೊರುವುದು ಅದು. ಆದ್ದರಿಂದ ಕಾರಣ ಮೂರರಲ್ಲೊಂದು. ಬ್ರೇಕ್ ಉಜ್ಜುತ್ತಿದೆ: ಅಡ್ಜಸ್ಟರ್ ನಟ್ ನಾಲ್ಕು ಸುತ್ತು ಬಿಟ್ಟು ನೋಡಿ, ಹಗುರವಾದರೆ ಇದೇ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಬಿಟ್ಟು ಹೊಂದಿಸಿ. ಎರಡು, ಬದಿಯ ಬುಷ್ ತಿರುಗುಮುರುಗಾಗಿ ಸೀಲನ್ನು ಒತ್ತುತ್ತಿದೆ, ನಿಮ್ಮ ಫೋಟೋ ನೋಡಿ. ಮೂರು, ಹಿಂದೆ ಯಾರೋ ಬೇರಿಂಗ್ ಹಾಕುವಾಗ ಆ ಕೊಳವೆ ಬಿಟ್ಟಿದ್ದಾರೆ, ಅಥವಾ ಒಂದು ಬೇರಿಂಗ್ ಪೂರಾ ಕೂತಿಲ್ಲ. ಆಕ್ಸಲ್ ತೆಗೆದು ಬೆರಳಿನಿಂದ ಬೇರಿಂಗಿನ ಒಳಗಿನ ರೇಸ್ (ಬಳೆ) ಸುತ್ತಿಸಿ. ಜರಜರ ಎಂದರೆ ಎರಡೂ ಬೇರಿಂಗ್ ಬದಲಿಸಬೇಕು, ಸೀಲಿನ ಮೇಲೆ ನಂಬರ್ ಇರುತ್ತದೆ.

ಉತ್ತರ 3

ಡಿಸ್ಕ್ ಗಾಡಿಯವರು ಇದನ್ನು ಓದುತ್ತಿದ್ದರೆ: ಚಕ್ರ ಹೊರಗಿರುವಾಗ ಯಾರೂ ಮುಂದಿನ ಲಿವರ್ ಒತ್ತಬಾರದು. ಪಿಸ್ಟನ್ ಮುಂದೆ ಬಂದು ಡಿಸ್ಕ್ ಒಳಗೆ ಹೋಗುವುದಿಲ್ಲ. ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ರಟ್ಟು ಸಿಕ್ಕಿಸಿಡಿ, ಚಕ್ರವನ್ನು ಡಿಸ್ಕ್ ಕೆಳಗಾಗಿ ಮಲಗಿಸಬೇಡಿ. ಕೂರಿಸಿದ ಮೇಲೆ ಲಿವರ್ ಗಟ್ಟಿಯಾಗುವ ತನಕ ಪಂಪ್ ಮಾಡದೆ ಗಾಡಿ ಸರಿಸಲೂ ಬೇಡಿ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಫೋರ್ಕಿನ ತುದಿಯಲ್ಲಿ ಪಿಂಚ್ ಬೋಲ್ಟ್ (ಆಕ್ಸಲ್ಲನ್ನು ಅದುಮಿ ಹಿಡಿಯುವ ಬೋಲ್ಟ್) ಇದ್ದರೆ ಮೊದಲು ಆಕ್ಸಲ್, ಆಮೇಲೆ ಫೋರ್ಕ್ ಒತ್ತುವುದು, ಕೊನೆಗೆ ಪಿಂಚ್ ಬೋಲ್ಟ್. ಎಬಿಎಸ್ ಇದ್ದರೆ ಸೆನ್ಸರ್ ವೈರ್ ಎಳೆಯದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಬುಷ್ ತಿರುಗುಮುರುಗಾಗಿತ್ತು. ಸರಿಮಾಡಿ ಪೂರಾ ಬಿಗಿದ ಮೇಲೂ ಚಕ್ರ ಹಗುರವಾಗಿ ಸುತ್ತುತ್ತಿದೆ.