ಪ್ರತಿ ಲಾಗಿನ್ ಆದ ಮೇಲೆ ವಿಂಡೋ ಸೆಟ್ಟಿಂಗ್‌ಗಳು ಮೊದಲಿನಂತಾಗುತ್ತಿವೆ (ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಂಡೋ ಮುಚ್ಚುವ ಗುಂಡಿಯನ್ನು ಎಡಕ್ಕೆ ತಂದು, ವರ್ಕ್‌ಸ್ಪೇಸ್‌ಗಳನ್ನು (ವಿಂಡೋಗಳನ್ನು ಹಂಚಿಡುವ ಪ್ರತ್ಯೇಕ ಪರದೆಗಳು) 4ರಿಂದ 2ಕ್ಕೆ ಇಳಿಸಿ, ಮೌಸ್ ಹೋದ ಕಡೆ ಫೋಕಸ್ ಹೋಗುವಂತೆ ಮಾಡಿಕೊಂಡರೆ ಎಲ್ಲವೂ ತಕ್ಷಣ ಜಾರಿಗೆ ಬರುತ್ತವೆ ಮತ್ತು ಲಾಗ್‌ಔಟ್ ಆಗುವವರೆಗೂ ಸರಿಯಾಗಿಯೇ ಇರುತ್ತವೆ. ಮರಳಿ ಲಾಗಿನ್ ಆದರೆ ಎಲ್ಲವೂ ಹಳೆಯ ಸ್ಥಿತಿಗೆ ಹೋಗಿರುತ್ತವೆ. ದೋಷ ಸಂದೇಶ ಯಾವುದೂ ಬರುವುದಿಲ್ಲ. ಸೆಟ್ಟಿಂಗ್‌ಗಳ ಫೋಲ್ಡರನ್ನೇ ಅಳಿಸಿಬಿಡಿ ಎಂದು ಕೆಲವರು ಹೇಳಿದ್ದಾರೆ, ಆದರೆ ಪ್ಯಾನೆಲ್ ಜೋಡಣೆಯನ್ನೂ ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೂ ಕಳೆದುಕೊಳ್ಳಲು ಮನಸ್ಸಿಲ್ಲ.

ಉತ್ತರ

ದಯವಿಟ್ಟು ಏನನ್ನೂ ಅಳಿಸಬೇಡಿ. ನೀವು ಹೇಳಿದ ಲಕ್ಷಣದಲ್ಲೇ ಸುಳಿವಿದೆ. ಎಕ್ಸ್‌ಎಫ್‌ಸಿಇಯಲ್ಲಿ ಸೆಟ್ಟಿಂಗ್‌ಗಳನ್ನು ಎಕ್ಸ್‌ಎಫ್‌ಕಾನ್ಫ್ ಎಂಬ ಹಿನ್ನೆಲೆ ಸೇವೆ ನೋಡಿಕೊಳ್ಳುತ್ತದೆ. ನೀವು ಮಾಡಿದ ಬದಲಾವಣೆಯನ್ನು ಅದು ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ವಿಂಡೋಗಳ ಗುಂಡಿ, ಫೋಕಸ್ ಮುಂತಾದವನ್ನು ನಿರ್ವಹಿಸುವ ವಿಂಡೋ ಮ್ಯಾನೇಜರಿಗೆ ತಿಳಿಸುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಡಿಸ್ಕಿಗೆ ಬರೆಯುತ್ತದೆ. ಬದಲಾವಣೆ ಜಾರಿಗೆ ಬಂದೂ ಉಳಿಯುತ್ತಿಲ್ಲವೆಂದರೆ ಒಂದೋ ಆ ಬರವಣಿಗೆ ವಿಫಲವಾಗುತ್ತಿದೆ, ಇಲ್ಲವೇ ಲಾಗಿನ್ ಹೊತ್ತಿಗೆ ಇನ್ನಾವುದೋ ಸ್ಕ್ರಿಪ್ಟ್ ಹಳೆಯ ಮೌಲ್ಯಗಳನ್ನು ಮತ್ತೆ ಹೇರುತ್ತಿದೆ. ನನ್ನ ಅನುಮಾನ ಮೊದಲನೆಯದರ ಮೇಲೆ.

ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅಲ್ಲಿಯೂ ಇದೇ ಆಗುತ್ತದೆಯೇ ನೋಡಿ. ಹೋಮ್ (ನಿಮ್ಮ ಸ್ವಂತ ಕಡತಗಳ ಫೋಲ್ಡರ್) ಇರುವ ಡಿಸ್ಕಿನಲ್ಲಿ ಜಾಗ ಉಳಿದಿದೆಯೇ ಎಂಬುದನ್ನೂ ಗಮನಿಸಿ. ಆಮೇಲೆ ಹೋಮ್‌ನಲ್ಲಿ ಅಡಗಿರುವ ಕಾನ್ಫಿಗ್ ಫೋಲ್ಡರಿನೊಳಗಿನ ಎಕ್ಸ್‌ಎಫ್‌ಸಿಇ4, ಅದರೊಳಗಿನ ಎಕ್ಸ್‌ಎಫ್‌ಕಾನ್ಫ್, ಅದರೊಳಗೆ ಪ್ರತಿ ಚಾನೆಲ್ಲಿಗೂ (ಸೆಟ್ಟಿಂಗ್‌ಗಳ ಗುಂಪಿಗೂ) ಒಂದೊಂದು ಎಕ್ಸ್‌ಎಂಎಲ್ ಕಡತ ಇರುವ ಫೋಲ್ಡರ್, ಇವುಗಳ ಮಾಲೀಕರು ಯಾರೆಂದು ತಿಳಿಸಿ.

ಪ್ರಶ್ನೆ ಕೇಳಿದವರು

ಹೊಸ ಖಾತೆಯಲ್ಲಿ ಸೆಟ್ಟಿಂಗ್‌ಗಳು ಉಳಿಯುತ್ತವೆ. ಡಿಸ್ಕಿನಲ್ಲಿ ಜಾಗ ಧಾರಾಳವಾಗಿದೆ. ವಿಂಡೋ ಮ್ಯಾನೇಜರಿನ ಸೆಟ್ಟಿಂಗ್‌ಗಳಿರುವ ಎಕ್ಸ್‌ಎಫ್‌ಡಬ್ಲ್ಯೂಎಂ4 ಎಂಬ ಹೆಸರಿನ ಎಕ್ಸ್‌ಎಂಎಲ್ ಕಡತದ ಮಾಲೀಕ ನಾನೇ, ಬರೆಯುವ ಅನುಮತಿಯೂ ನನಗಿದೆ. ಆದರೆ ಅದಿರುವ ಫೋಲ್ಡರಿನ ಮಾಲೀಕ ರೂಟ್ (ವ್ಯವಸ್ಥೆಯ ನಿರ್ವಾಹಕ ಖಾತೆ) ಎಂದು ತೋರಿಸುತ್ತಿದೆ. ಕಡತ ನನ್ನದೇ ಆಗಿರುವಾಗ ಫೋಲ್ಡರ್ ಯಾರದಾದರೇನು?

ಉತ್ತರ

ದೋಷ ಇರುವುದೇ ಅಲ್ಲಿ. ಎಕ್ಸ್‌ಎಫ್‌ಕಾನ್ಫ್ ಹಳೆಯ ಕಡತವನ್ನು ತೆರೆದು ತಿದ್ದುವುದಿಲ್ಲ. ಅರ್ಧ ಬರೆದಾಗ ವಿದ್ಯುತ್ ಹೋದರೆ ಕಡತ ಕೆಡಬಾರದೆಂದು, ಅದೇ ಹೆಸರಿನ ಕೊನೆಗೆ 'ನ್ಯೂ' ಎಂದು ಸೇರಿಸಿದ ಹೊಸ ಕಡತವನ್ನು ಪಕ್ಕದಲ್ಲಿ ಪೂರ್ತಿ ಬರೆದು, ಬಳಿಕ ಅದನ್ನು ಹಳೆಯದರ ಹೆಸರಿಗೆ ಬದಲಿಸುತ್ತದೆ. ಹೊಸ ಕಡತ ಸೃಷ್ಟಿಸುವುದಕ್ಕೂ ಹೆಸರು ಬದಲಿಸುವುದಕ್ಕೂ ಬೇಕಾದದ್ದು ಫೋಲ್ಡರಿನ ಮೇಲಿನ ಅನುಮತಿ. ಅದು ರೂಟ್‌ನ ಕೈಯಲ್ಲಿರುವುದರಿಂದ ಬರವಣಿಗೆ ಮೊದಲ ಹೆಜ್ಜೆಯಲ್ಲೇ ನಿಂತುಹೋಗುತ್ತಿದೆ, ಹಳೆಯ ಕಡತ ಮಾತ್ರ ಓದಲು ಸಿಗುತ್ತಿದೆ.

ಗ್ರಾಫಿಕಲ್ ಪ್ರೋಗ್ರಾಮನ್ನು ಸುಡೊ (ರೂಟ್ ಅಧಿಕಾರದಲ್ಲಿ ಆದೇಶ ನಡೆಸುವ ಸಾಧನ) ಮೂಲಕ ನಡೆಸಿದಾಗ ಹೀಗಾಗುವುದುಂಟು. ಕೆಲವು ವ್ಯವಸ್ಥೆಗಳಲ್ಲಿ ಸುಡೊ ಬಳಸಿದರೂ ಹೋಮ್ ಮಾತ್ರ ಸಾಮಾನ್ಯ ಬಳಕೆದಾರರದೇ ಉಳಿಯುವುದರಿಂದ, ರೂಟ್ ಹೆಸರಿನಲ್ಲಿ ನಡೆಯುವ ಪ್ರೋಗ್ರಾಂ ತನ್ನ ಫೋಲ್ಡರುಗಳನ್ನು ನಿಮ್ಮ ಹೋಮ್‌ನೊಳಗೇ ಸೃಷ್ಟಿಸಿಬಿಡುತ್ತದೆ. ವ್ಯವಸ್ಥೆಯ ಕಡತ ತಿದ್ದಲು ಸುಡೊಎಡಿಟ್ ಬಳಸುವುದು ಕ್ಷೇಮ.

ಟರ್ಮಿನಲ್‌ನಲ್ಲಿ ಸುಡೊ ಜೊತೆಗೆ, ಒಡೆತನ ಬದಲಿಸುವ ಚೌನ್ ಆದೇಶವನ್ನು ದೊಡ್ಡಕ್ಷರದ ಆರ್ ಆಯ್ಕೆಯೊಂದಿಗೆ ಕೊಟ್ಟು, ಎಕ್ಸ್‌ಎಫ್‌ಸಿಇ4 ಫೋಲ್ಡರಿನ ಮತ್ತು ಅದರ ಒಳಗಿರುವ ಎಲ್ಲದರ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿ. ಆ ಫೋಲ್ಡರಿನ ವಿಳಾಸವನ್ನು ಎರಡು ಬಾರಿ ಓದಿಯೇ ಎಂಟರ್ ಒತ್ತಿ, ಏಕೆಂದರೆ ಇದೇ ಆದೇಶವನ್ನು ಮೂಲ ಡೈರೆಕ್ಟರಿಯ ಮೇಲೆ ನಡೆಸಿದರೆ ಇಡೀ ವ್ಯವಸ್ಥೆ ಕೆಡುತ್ತದೆ. ಅನುಮತಿಯನ್ನು 777 (ಎಲ್ಲರೂ ಓದಬಹುದು, ಬರೆಯಬಹುದು, ನಡೆಸಬಹುದು) ಮಾಡಿ ಎಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ.

ಸರಿಯಾಯಿತೇ ಎಂದು ತಿಳಿಯಲು ಲಾಗ್‌ಔಟ್ ಆಗಬೇಕಾಗಿಲ್ಲ. ಗುಂಡಿಯ ಜಾಗವನ್ನು ಬದಲಿಸಿ, ಸ್ವಲ್ಪ ಕಾದು, ಆ ಎಕ್ಸ್‌ಎಂಎಲ್ ಕಡತ ಕೊನೆಯದಾಗಿ ಬದಲಾದ ಸಮಯವನ್ನು ನೋಡಿ. ಅದು ಈಗಿನ ಗಂಟೆ ನಿಮಿಷ ತೋರಿಸಿದರೆ ಬರವಣಿಗೆ ನಡೆಯುತ್ತಿದೆ ಎಂದರ್ಥ.

ಪ್ರಶ್ನೆ ಕೇಳಿದವರು

ಸಮಯ ಬದಲಾಯಿತು, ಲಾಗಿನ್ ಆದ ಮೇಲೂ ಮೂರೂ ಸೆಟ್ಟಿಂಗ್‌ಗಳು ಉಳಿದಿವೆ. ತುಂಬ ಧನ್ಯವಾದಗಳು. ಆದರೆ ಪ್ರತಿ ಲಾಗಿನ್‌ನಲ್ಲೂ ಹಳೆಯ ಎರಡು ಟರ್ಮಿನಲ್ ವಿಂಡೋಗಳು ತಾವಾಗಿಯೇ ತೆರೆದುಕೊಳ್ಳುವುದು ಮಾತ್ರ ನಿಂತಿಲ್ಲ.

ಉತ್ತರ

ಅದು ಎಕ್ಸ್‌ಎಫ್‌ಕಾನ್ಫ್‌ಗೆ ಸಂಬಂಧಿಸಿದ್ದಲ್ಲ. ತೆರೆದಿದ್ದ ವಿಂಡೋಗಳ ಪಟ್ಟಿಯನ್ನು ಸೆಷನ್ ಮ್ಯಾನೇಜರ್ (ಲಾಗಿನ್, ಲಾಗ್‌ಔಟ್ ನೋಡಿಕೊಳ್ಳುವ ಪ್ರೋಗ್ರಾಂ) ಬೇರೆಯಾಗಿ, ಹೋಮ್‌ನ ಅಡಗಿದ ಕ್ಯಾಶ್ ಫೋಲ್ಡರಿನೊಳಗೆ ಸೆಷನ್ಸ್ ಎಂಬಲ್ಲಿ ಉಳಿಸಿಡುತ್ತದೆ. 'ಸೆಷನ್ ಆ್ಯಂಡ್ ಸ್ಟಾರ್ಟಪ್' ಸೆಟ್ಟಿಂಗ್‌ನಲ್ಲಿ ಉಳಿಸಿದ ಸೆಷನ್‌ಗಳನ್ನು ತೆರವುಗೊಳಿಸಿ, ಲಾಗ್‌ಔಟ್ ಆಗುವಾಗ ಸೆಷನ್ ಉಳಿಸುವ ಚೌಕದ ಗುರುತನ್ನು ತೆಗೆದುಹಾಕಿ. ತೆರವು ಆಗದಿದ್ದರೆ ಆ ಫೋಲ್ಡರ್ ಕೂಡ ರೂಟ್‌ನ ಒಡೆತನದಲ್ಲಿರಬಹುದು. ಫೈಂಡ್ ಆದೇಶದಿಂದ ಹೋಮ್‌ನೊಳಗೆ ನಿಮ್ಮ ಹೆಸರಿನಲ್ಲಿಲ್ಲದ ಕಡತಗಳನ್ನೆಲ್ಲ ಒಮ್ಮೆಗೇ ಪಟ್ಟಿ ಮಾಡಿಸಿ, ಅದನ್ನು ಇಲ್ಲಿ ಹಾಕಿದರೆ ಯಾವುದರ ಒಡೆತನ ಬದಲಿಸಬೇಕೆಂದು ನೋಡಿ ಹೇಳುತ್ತೇನೆ.