ಸಹಾಯ ಬೇಕು: ಹೊಸ ಬೈಕಿನ ಚೈನ್ ಅಳತೆ ಎಲ್ಲಿ ತೆಗೆಯಬೇಕು?

ನಮಸ್ಕಾರ ಎಲ್ಲರಿಗೂ. ಹಾಸನದ ಬಿ.ಎಂ. ರಸ್ತೆಯ ಬೈಕ್ ಶೋರೂಮ್ ಒಂದರಲ್ಲಿ ಹೊಸದಾಗಿ ಹೆಲ್ಪರ್ ಕೆಲಸಕ್ಕೆ ಸೇರಿದ್ದೇನೆ. ಗಾಡಿ ತೊಳೆಯುವುದು, ಬ್ಯಾಟರಿ ಕೂರಿಸುವುದು, ಟೈರಿನ ಗಾಳಿ ನೋಡುವುದು ಎಲ್ಲ ಕೈಗೆ ಹತ್ತಿದೆ. ಡೆಲಿವರಿಗೆ ಮುಂಚೆ ಚೈನ್ ನೋಡುವಾಗ ಮಾತ್ರ ತಲೆ ಕೆಡುತ್ತದೆ.

ಈ ಮಾಡೆಲ್‌ಗೆ 25ರಿಂದ 35 ಮಿ.ಮೀ. ಸಡಿಲ ಇರಬೇಕು ಅಂತ ಸ್ಟಿಕ್ಕರಿನಲ್ಲಿದೆ. ಸ್ಕೇಲ್ ಹಿಡಿದು ಕೆಳಗಿನ ಚೈನನ್ನು ಬೆರಳಿನಲ್ಲಿ ಎತ್ತಿ ನೋಡಿದರೆ 30 ಬರುತ್ತದೆ, ಹಿಂದಿನ ಚಕ್ರ ಸ್ವಲ್ಪ ತಿರುಗಿಸಿದರೆ ಅದೇ ಚೈನ್ 20ಕ್ಕೆ ಬಿಗಿಯಾಗುತ್ತದೆ. ಹಿಂದಿನ ಚಕ್ರದ ಆಕ್ಸಲ್ ನಟ್ ಸಡಿಲಿಸಿ, ಚೈನ್ ಹೊಂದಿಸುವ ಗುರುತನ್ನು ಎರಡೂ ಕಡೆ ಸಮ ಮಾಡಿದೆ, ಆದರೂ ಹಾಗೇ ಇದೆ. ಒಬ್ಬ ಮೆಕ್ಯಾನಿಕ್ ಅಣ್ಣ ಬಿಗಿ ಜಾಗದಲ್ಲಿ ಅಳತೆ ತಗೋ ಅಂತಾರೆ, ಇನ್ನೊಬ್ಬರು ಸಡಿಲ ಜಾಗದಲ್ಲಿ ಅಂತಾರೆ. ಶಿರಾಡಿ ಘಾಟಿ ಹತ್ತಿ ಇಳಿಯುವ ಗಾಡಿಗಳಿವು, ಸುಮ್ನೆ ಅಂದಾಜಿನಲ್ಲಿ ಕೊಡಲು ಮನಸ್ಸು ಒಪ್ಪುವುದಿಲ್ಲ.

ಗೊತ್ತಿದ್ದವರು ಹೇಳಿ: ಅಳತೆ ಬಿಗಿ ಜಾಗದಲ್ಲಾ, ಸಡಿಲ ಜಾಗದಲ್ಲಾ? ಹೊಸ ಚೈನಿನಲ್ಲಿ ಇಷ್ಟು ವ್ಯತ್ಯಾಸ ಬಂದರೆ ಗಾಡಿ ಡೆಲಿವರಿ ಕೊಡಬಹುದಾ?