ಎಐ ಚಂದಾ: ದುಡ್ಡು ಕಟ್ ಆಗಿದೆ, ಪ್ಲಾನ್ ಬಂದಿಲ್ಲ

ಪ್ರಶ್ನೆ, ಮೂಡಿಗೆರೆಯಿಂದ: ನಮಸ್ಕಾರ ಸರ್. ನಮ್ಮದು ಚಿಕ್ಕ ಹೋಂಸ್ಟೇ. ಗೆಸ್ಟ್‌ಗಳ ಇಂಗ್ಲಿಷ್ ಮೆಸೇಜಿಗೆ ಉತ್ತರ ಬರೆಯಲು ಎಐ ಆ್ಯಪ್ ಬಳಸುತ್ತೇನೆ. ತಿಂಗಳ ಪ್ಲಾನ್ ತೆಗೆದುಕೊಳ್ಳಲು ಹೋದರೆ ‘ಕಾರ್ಡ್ ಡಿಕ್ಲೈನ್ಡ್’ ಅಂತ ಬಂತು. ಖಾತೆಯಲ್ಲಿ ದುಡ್ಡಿದೆ. ಆಮೇಲೆ ಯುಪಿಐನಲ್ಲಿ ಕಟ್ಟಿದೆ. ದುಡ್ಡು ಕಟ್ ಆಯಿತು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇನ್ನೂ ಫ್ರೀ ಪ್ಲಾನ್ ಅಂತಲೇ ತೋರಿಸುತ್ತಿದೆ. ಇನ್ನೊಮ್ಮೆ ಕಟ್ಟಲಾ?

ಉತ್ತರ: ಮೇಡಂ, ದಯವಿಟ್ಟು ಇನ್ನೊಮ್ಮೆ ಕಟ್ಟಬೇಡಿ. ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ನನಗೆ ಬರುವ ದೂರುಗಳಲ್ಲಿ ಎರಡೆರಡು ಸಲ ಕಟ್ಟಿದವರೇ ಜಾಸ್ತಿ.

ಮೊದಲು ಜಿಮೇಲ್ ನೋಡಿ. ಫೋನಿನಲ್ಲಿ ಒಂದು ಜಿಮೇಲ್, ಲ್ಯಾಪ್‌ಟಾಪ್‌ನಲ್ಲಿ ಮನೆಯವರ ಜಿಮೇಲ್ ಇದ್ದರೆ, ಕಟ್ಟಿದ ಜಿಮೇಲ್ ಖಾತೆಗೆ ಮಾತ್ರ ಪ್ಲಾನ್ ಬಂದಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲಾಗ್‌ಔಟ್ ಆಗಿ, ಅದೇ ಖಾತೆಯಿಂದ ಮತ್ತೆ ಒಳಗೆ ಬನ್ನಿ.

ಆಗಲೂ ಬರದಿದ್ದರೆ ಯುಪಿಐ ಆ್ಯಪ್‌ನಲ್ಲಿ ವಹಿವಾಟು ತೆರೆಯಿರಿ. ‘ಸಕ್ಸಸ್’ ಅಂತಿದ್ದರೆ ದುಡ್ಡು ಕಂಪನಿ ಕಡೆ ಹೋಗಿದೆ. ಆ್ಯಪ್ ಒಳಗಿನ ಸಹಾಯ ವಿಭಾಗಕ್ಕೇ ಯುಟಿಆರ್ ನಂಬರ್ (ಆ ವಹಿವಾಟಿನ ಗುರುತಿನ ಸಂಖ್ಯೆ) ಹಾಕಿ ಬರೆಯಿರಿ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ರೀಫಂಡ್ ಕೇಳಬೇಕಾದ್ದು ಅಲ್ಲಿ. ದುಡ್ಡು ಕಟ್ ಆಗಿ ವಹಿವಾಟು ಫೇಲ್ ಆಗಿದ್ದರೆ, 2019ರ ಆರ್‌ಬಿಐ ನಿಯಮದಂತೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು. ಅದು ನಿಮ್ಮ ಹಕ್ಕು, ಸಂಕೋಚ ಬೇಡ, ಬ್ಯಾಂಕಿನಲ್ಲಿ ಕೇಳಿ.

ಕಾರ್ಡ್ ಕೆಟ್ಟಿಲ್ಲ. 2020ರ ನಂತರ ಕೊಡುವ ಹೊಸ ಕಾರ್ಡ್‌ಗಳಲ್ಲಿ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡೂ ಆಫ್ ಆಗಿಯೇ ಬರುತ್ತವೆ. ಇಂಥ ಕಂಪನಿಗಳಲ್ಲಿ ಹೆಚ್ಚಿನವು ಹೊರದೇಶದವು ಅಲ್ವಾ? ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಿ, ಮಿತಿಯನ್ನು ಪ್ಲಾನ್ ಬೆಲೆಗಿಂತ ಸ್ವಲ್ಪ ಮೇಲಿಡಿ. ಡಾಲರ್ ಲೆಕ್ಕದ ಬಿಲ್ ಆದರೆ ಬ್ಯಾಂಕಿನ ಶುಲ್ಕವೂ ಸೇರುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ಸಿಗ್ನಲ್ ಚೆನ್ನಾಗಿರುವ ಕಡೆ ಕೂತು ಕಟ್ಟಿ, ಒಟಿಪಿ ತಡವಾದರೂ ಪಾವತಿ ನಿಂತುಹೋಗುತ್ತದೆ.

ಪ್ರಶ್ನೆ, ಹಾಸನದಿಂದ: ಸರ್, ನನಗೆ ಉಲ್ಟಾ ಸಮಸ್ಯೆ. ಆ್ಯಪ್ ತೆಗೆದುಹಾಕಿದರೂ ತಿಂಗಳಾ ತಿಂಗಳಾ ದುಡ್ಡು ಹೋಗುತ್ತಿದೆ. ಗೂಗಲ್‌ನಲ್ಲಿ ಒಂದು ಕಸ್ಟಮರ್ ಕೇರ್ ನಂಬರ್ ಸಿಕ್ಕಿದೆ, ಫೋನ್ ಮಾಡಲಾ?

ಉತ್ತರ: ಬೇಡ ಸರ್, ಖಂಡಿತ ಬೇಡ! ಅಂಥ ನಂಬರುಗಳಲ್ಲಿ ಮೋಸದವು ತುಂಬಾ ಇವೆ. ರೀಫಂಡ್ ಕೊಡುತ್ತೇವೆ ಅಂತ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುತ್ತಾರೆ. ಈಗಾಗಲೇ ಮಾತಾಡಿ ಏನಾದರೂ ಹೇಳಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅಂತ ಇರುತ್ತದೆ, ಅಲ್ಲಿ ಮ್ಯಾಂಡೇಟ್, ಅಂದರೆ ದುಡ್ಡು ತಾನಾಗಿ ಕಟ್ ಆಗಲು ನೀವು ಕೊಟ್ಟ ಅನುಮತಿ, ರದ್ದು ಮಾಡಿ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲೂ ನೋಡಿ. ಕಾರ್ಡಿನಿಂದ ಹೋಗುತ್ತಿದ್ದರೆ, ದುಡ್ಡು ಕಟ್ ಆಗುವ 24 ಗಂಟೆ ಮೊದಲೇ ಬ್ಯಾಂಕಿನಿಂದ ಮೆಸೇಜ್ ಬರಬೇಕು. ಆ ಮೆಸೇಜ್ ತೆರೆದು ನೋಡಿ, ನಿಲ್ಲಿಸುವ ದಾರಿ ಅದರಲ್ಲೇ ಇರುತ್ತದೆ.